ಅಲ್ಬೈಸಿನ್‌ನಲ್ಲೇ ಉಳಿದು ಸುತ್ತಾಡಿದ್ದು

ಸ್ಪೇನಿನ ಗ್ರನಾಡಾಕ್ಕೆ ಹೋದವರಲ್ಲಿ ಎಷ್ಟೋ ಜನ ಕೆಳಗಿನ ಪೇಟೆಯಲ್ಲಿ ರೂಮು ಮಾಡುತ್ತಾರೆ. ಸಂಜೆ ಅಲ್ಬೈಸಿನ್ ಗುಡ್ಡ ಹತ್ತಿ, ಸ್ಯಾನ್ ನಿಕೋಲಾಸ್ ಕಟ್ಟೆಯಿಂದ ಎದುರಿನ ಅಲ್ಹಂಬ್ರಾ ಅರಮನೆಯ ಫೋಟೊ ತೆಗೆದು ಇಳಿದುಬಿಡುತ್ತಾರೆ. ನನಗೆ ಆ ಕೇರಿಯನ್ನೇ ನೋಡಬೇಕಿತ್ತು. ಅದಕ್ಕೇ ಗುಡ್ಡದ ಮೇಲೆ, ಪ್ಲಾಸಾ ಲಾರ್ಗಾ ಎಂಬ ಚೌಕದ ಹತ್ತಿರದ ಒಂದು ಹಳೇ ಮನೆಯಲ್ಲಿ ಉಳಿದುಕೊಂಡೆ.

ಮೇಲೆ ಉಳಿಯುವವರು ಗಾಲಿ ಸೂಟ್‌ಕೇಸ್ ಬಿಟ್ಟು ಬೆನ್ನಿಗೆ ಹಾಕುವ ಬ್ಯಾಗು ಒಯ್ಯಿರಿ. ಓಣಿಗಳ ನೆಲಕ್ಕೆ ಹೊಳೆಯ ಉರುಟು ಕಲ್ಲು ನೆಟ್ಟಿದ್ದಾರೆ. ಕೆಲವು ಕಡೆ ಕಪ್ಪು ಬಿಳಿ ಕಲ್ಲುಗಳನ್ನೇ ಸೇರಿಸಿ ರಂಗೋಲಿಯ ಹಾಗೆ ಹೂಬಳ್ಳಿ ಬಿಡಿಸಿದ್ದಾರೆ. ನೋಡಲು ಚೆಂದ, ಆದರೆ ಮಳೆ ಬಂದರೆ ಜಾರುತ್ತದೆ. ಹಿಡಿತವಿರುವ ಶೂ ಬೇಕೇ ಬೇಕು. ಕೆಳಗಿನ ಪ್ಲಾಸಾ ನುಯೆವಾ ಚೌಕದಿಂದ ಸಿ31, ಸಿ32 ನಂಬರಿನ ಪುಟ್ಟ ಬಸ್ಸುಗಳು ಮೇಲಕ್ಕೆ ಬರುತ್ತವೆ. ನಾನು ಇಳಿಯುವಾಗ ನಡೆದು, ಹತ್ತುವಾಗ ಬಸ್ಸು ಹಿಡಿಯುತ್ತಿದ್ದೆ.

ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ನೀರಿನಲ್ಲಿ. ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯದ ರಾಜಧಾನಿ ಈ ಗ್ರನಾಡಾ. 1492ರ ಜನವರಿ 2ರಂದು ಅದರ ದೊರೆ ಬೋಆಬ್ದಿಲ್ ಊರನ್ನು ಕ್ರೈಸ್ತ ದೊರೆಗಳಿಗೆ ಒಪ್ಪಿಸಿಕೊಟ್ಟ. ಅದಕ್ಕೂ ಎಷ್ಟೋ ಮೊದಲೇ, ಅಲ್ಫಾಕಾರ್ ಎಂಬ ಹಳ್ಳಿಯ ಬುಗ್ಗೆಯಿಂದ ಐನದಾಮಾರ್ ಕಾಲುವೆ ತೋಡಿ ಈ ಗುಡ್ಡಕ್ಕೆ ನೀರು ತಂದಿದ್ದರು. ಆ ನೀರು ತುಂಬಿಡಲು ಕೇರಿಕೇರಿಗೂ ನೆಲದಡಿ ತೊಟ್ಟಿ ಕಟ್ಟಿದ್ದರು. ಅದಕ್ಕೆ ಅಲ್ಲಿನವರು ಅಲ್ಹೀಬೆ ಅಂತಾರೆ. ಬಹಳಷ್ಟು ಇನ್ನೂ ಉಳಿದಿವೆ. ಅವುಗಳಲ್ಲಿ ದೊಡ್ಡದು ಅಲ್ಹೀಬೆ ದೆಲ್ ರೇ.

ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನಡೆಯುತ್ತಾ ಹೋದೆ. ಸ್ಯಾನ್ ನಿಕೋಲಾಸ್, ಸ್ಯಾನ್ ಹೊಸೆ, ಸ್ಯಾನ್ ಮಿಗೆಲ್ ಬಾಹೊ, ಎಲ್ಲಿ ನೋಡಿದರೂ ಚರ್ಚಿನ ಪಕ್ಕದಲ್ಲೇ ತೊಟ್ಟಿ! ಕಾರಣ ಸರಳ. ಅಲ್ಲಿ ಮೊದಲಿದ್ದದ್ದು ಮಸೀದಿ. ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ನೀರು ಬೇಕಲ್ವಾ? 1500ರ ಸುಮಾರಿಗೆ ಮಸೀದಿಗಳು ಚರ್ಚುಗಳಾದವು, ತೊಟ್ಟಿಗಳು ಇದ್ದಲ್ಲೇ ಉಳಿದವು. ಸ್ಯಾನ್ ಹೊಸೆ ಚರ್ಚಿನ ಗಂಟೆ ಗೋಪುರ ಹಿಂದಿನ ಮಿನಾರೇ. ಎಲ್ ಸಾಲ್ವಡೋರ್ ಚರ್ಚಿನಲ್ಲಿ ದೊಡ್ಡ ಮಸೀದಿಯ ಅಂಗಳ ಇನ್ನೂ ಇದೆ. ಇದು ತಿಳಿದ ಮೇಲೆ ಹಳೇ ಕೇರಿಯ ನಕ್ಷೆ ಕಣ್ಣಿಗೆ ತಾನಾಗಿ ಕಾಣತೊಡಗಿತು.

ನನಗೆ ಜಾಸ್ತಿ ಹಿಡಿಸಿದ್ದು ತ್ರಿಯೊ ತೊಟ್ಟಿ. ಬಿಳಿ ಗೋಡೆಗಳ ನಡುವಿನ ಸಣ್ಣ ಚೌಕದಲ್ಲಿ, ಕುದುರೆಲಾಳದ ಆಕಾರದ ಇಟ್ಟಿಗೆ ಕಮಾನು. ಸುಮ್ನೆ ದಾಟಿ ಹೋಗುವ ಜನರೇ ಹೆಚ್ಚು. ಐದು ನಿಮಿಷ ನಿಂತು ನೋಡಿ.

ಕೆಳಗೆ ದಾರ್ರೊ ನದಿಯ ದಂಡೆಯಲ್ಲಿ ಎಲ್ ಬಾನ್ಯುಯೆಲೊ ಇದೆ. 11ನೇ ಶತಮಾನದ ಸ್ನಾನಗೃಹ. ಛಾವಣಿಯಲ್ಲಿ ನಕ್ಷತ್ರದಾಕಾರದ ಕಿಂಡಿಗಳಿವೆ, ಅವುಗಳಿಂದಲೇ ಬೆಳಕು ಇಳಿಯುತ್ತದೆ. ಕಂಬಗಳ ತಲೆಗಳನ್ನು ಗಮನಿಸಿ, ಒಂದರಂತೆ ಇನ್ನೊಂದಿಲ್ಲ. ಕೆಲವು ರೋಮನ್ನರ ಕಾಲದವು, ಹಳೇ ಕಟ್ಟಡಗಳಿಂದ ಕಿತ್ತು ತಂದು ಕೂರಿಸಿದ್ದು. ಬೋಆಬ್ದಿಲ್‌ನ ತಾಯಿ ಆಯ್ಷಾಳ ಅರಮನೆ ದಾರ್ ಅಲ್-ಹೊರ್ರಾ ಗುಡ್ಡದ ಮೇಲಿದೆ. ಚಿಕ್ಕದು, ಗದ್ದಲವಿಲ್ಲ. ಸಮಯವಿದ್ದರೆ ಅದನ್ನೂ ನೋಡಿ.

ಅಲ್ಲಿನ ತೋಟದ ಮನೆಗಳಿಗೆ ಕಾರ್ಮೆನ್ ಎನ್ನುತ್ತಾರೆ. ಎತ್ತರದ ಗೋಡೆ, ಒಳಗೆ ಹಣ್ಣಿನ ಗಿಡ, ನೀರಿನ ಕಾರಂಜಿ. ಹೊರಗಿನವರಿಗೆ ಕಾಣುವುದು ಗೋಡೆಯಾಚೆಯ ಸೈಪ್ರೆಸ್ ಮರದ ತುದಿ ಮಾತ್ರ. ಜನ ವಾಸವಿರುವ ಮನೆಗಳು ಇವು. ಬಾಗಿಲು ತೆರೆದಿದ್ದರೂ ಒಳಗೆ ಇಣುಕಿ ಫೋಟೊ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಅಲ್ಬೈಸಿನ್ 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು ನಿಜ, ಆದರೆ ಅಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆ, ಅಜ್ಜಿಯರು ತರಕಾರಿ ಚೀಲ ಹಿಡಿದು ಏರು ಹತ್ತುತ್ತಾರೆ. ರಾತ್ರಿ ಓಣಿಗಳಲ್ಲಿ ಮೆಲ್ಲಗೆ ಮಾತಾಡಿ, ದನಿ ನೇರ ಕಿಟಕಿಯೊಳಗೇ ಹೋಗುತ್ತದೆ.

ಇನ್ನು ಊಟ. ಗ್ರನಾಡಾದ ಬಾರುಗಳಲ್ಲಿ ಒಂದು ಡ್ರಿಂಕ್ ತೆಗೆದುಕೊಂಡರೆ ತಿನ್ನಲು ಒಂದು ಸಣ್ಣ ತಟ್ಟೆ ತಾಪಾಸ್ ಪುಕ್ಕಟೆ. ತಂಪು ಪಾನೀಯಕ್ಕೂ ಸಾಮಾನ್ಯವಾಗಿ ಕೊಡುತ್ತಾರೆ. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ, ಮಾಂಸ ಬೇಡ ಎಂದರೆ ಸಾಲದು, ಹಂದಿಮಾಂಸದ ಹಾಮೋನ್ ಕೂಡ ಬೇಡ ಎನ್ನಬೇಕು. ಕಬ್ಬಿನ ಕಾಕಂಬಿ ಸುರಿದ ಕರಿದ ಬದನೆಕಾಯಿ ಸಿಕ್ಕರೆ ಬಿಡಬೇಡಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಎಷ್ಟೋ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ, ಬೇಕಾದ ಹಣ್ಣು, ಬ್ರೆಡ್ಡು ಬೆಳಿಗ್ಗೆಯೇ ತಂದಿಟ್ಟುಕೊಳ್ಳಿ.