ಹಳೆ ಎಸ್ಟೇಟ್ ಬಂಗಲೆಯ ಹೂದೋಟ: ವಿನ್ಯಾಸಕಾರರ ಪತ್ರಗಳು ಹೇಗಿರಬೇಕು

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಹಳೆ ಕಾಫಿ ಎಸ್ಟೇಟ್ ಬಂಗಲೆಗಳ ಹೂದೋಟವನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ. ಆ ಹೊತ್ತಿಗೆ ಮಾಲೀಕರು ಊರಲ್ಲಿರುವುದಿಲ್ಲ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬದಲಾಗಿರುತ್ತಾರೆ, ಮೇಸ್ತ್ರಿಗೆ ವಯಸ್ಸಾಗಿರುತ್ತದೆ. ಯಾಕೆ ಈ ಮರ ಉಳಿಸಿದೆವು, ಆ ಪಾತಿ ಯಾಕೆ ತೆಗೆದೆವು ಎಂದು ಹೇಳಲು ಉಳಿಯುವುದು ವಿನ್ಯಾಸಕಾರರು ಮಾಲೀಕರಿಗೆ ಬರೆದ ಪತ್ರಗಳು ಮಾತ್ರ. ಫೋನಿನಲ್ಲಿ ಒಪ್ಪಿಕೊಂಡದ್ದನ್ನು ಅದೇ ದಿನ ಪತ್ರದಲ್ಲಿ ಬರೆಯದಿದ್ದರೆ ಆ ತೀರ್ಮಾನವೇ ಆಗಿಲ್ಲ ಎಂದುಕೊಳ್ಳಿ.

ಮೊದಲಿಗೆ ಒಂದು ಪದದ ವಿಷಯ. ಮಲೆನಾಡಿನಲ್ಲಿ ‘ತೋಟ’ ಎಂದರೆ ಕಾಫಿ, ಅಡಿಕೆ, ಏಲಕ್ಕಿ. ‘ತೋಟದ ಅಂಚಿನ ಮರ ಸವರಿ’ ಎಂದು ಬರೆದರೆ ಆಳುಗಳು ಕಾಫಿಯ ನೆರಳು ಮರಕ್ಕೆ ಮರಗಸಿ (ಕೊಂಬೆ ಸವರುವ ಕೆಲಸ) ಮಾಡಿಬಿಡುತ್ತಾರೆ. ಪತ್ರದ ತುಂಬ ‘ಹೂದೋಟ’ ಅಥವಾ ‘ಬಂಗಲೆ ಅಂಗಳ’ ಎಂದೇ ಬರೆಯಿರಿ, ಅದರ ಗಡಿಯನ್ನು ನಕ್ಷೆಯಲ್ಲಿ ಕೆಂಪು ಗೆರೆಯಿಂದ ತೋರಿಸಿ.

ಮೊದಲ ಪತ್ರದಲ್ಲಿ ವಿನ್ಯಾಸ ಇರಬಾರದು, ಪ್ರಶ್ನೆಗಳಿರಬೇಕು. 1981ರಲ್ಲಿ ಫ್ಲಾರೆನ್ಸ್‌ನಲ್ಲಿ ರೂಪುಗೊಂಡ ಐತಿಹಾಸಿಕ ಉದ್ಯಾನಗಳ ಸನ್ನದು, ಪೂರ್ವ ಸಂಶೋಧನೆ ಇಲ್ಲದೆ ಜೀರ್ಣೋದ್ಧಾರಕ್ಕೆ ಕೈಹಾಕಬಾರದು ಎನ್ನುತ್ತದೆ. ಎಸ್ಟೇಟಿನ ಮಟ್ಟಿಗೆ ಆ ಸಂಶೋಧನೆ ಎಂದರೆ ಹಳೆ ಫೋಟೋಗಳು, ಸರ್ವೆ ಟಿಪ್ಪಣಿ, ಗಿಡ ಮತ್ತು ಬೀಜ ತರಿಸಿದ ಲೆಕ್ಕದ ಪುಸ್ತಕ, ಹೂಕುಂಡ–ಬೆಂಚು ತಂದ ರಸೀದಿ, ಮತ್ತು ಅಲ್ಲೇ ಹುಟ್ಟಿ ಬೆಳೆದ ಹಿರಿಯರ ನೆನಪು. ಯಾವುದನ್ನು, ಯಾರ ಬಳಿ, ಯಾವ ದಿನದೊಳಗೆ ಹುಡುಕಿಸಬೇಕು ಎಂದು ಹೆಸರಿಸಿ ಕೇಳಿ. ‘ನಿಮ್ಮಲ್ಲಿರುವ ದಾಖಲೆ ಕಳಿಸಿ’ ಎಂದರೆ ಏನೂ ಬರುವುದಿಲ್ಲ.

ಬಂದ ಫೋಟೋಗಳಲ್ಲಿ ಹೂವು ನೋಡುವ ಮೊದಲು ಜಗಲಿಯ ಮೆಟ್ಟಿಲು ಎಣಿಸಿ. ಹಳೆ ಚಿತ್ರದಲ್ಲಿ ಐದು ಮೆಟ್ಟಿಲಿದ್ದು ಈಗ ನಾಲ್ಕೇ ಕಾಣುತ್ತಿದ್ದರೆ, ಅಂಗಳದ ನೆಲ ಒಂದು ಮೆಟ್ಟಿಲಿನಷ್ಟು, ಅಂದರೆ ಸುಮಾರು 6 ಇಂಚು, ಮೇಲೇರಿದೆ ಎಂದರ್ಥ. ಎಲೆ ಕೊಳೆತು, ಮೇಲಿನಿಂದ ಮಣ್ಣು ಕೊಚ್ಚಿ ಬಂದು, ವರ್ಷವರ್ಷ ಗೊಬ್ಬರ ಸುರಿದು ಹಾಗಾಗಿರುತ್ತದೆ. ಇದರಿಂದ ಮೂರು ತೊಂದರೆ ಒಟ್ಟಿಗೆ ಬರುತ್ತವೆ: ಹಳೆ ಕಾಲುದಾರಿ ಮಣ್ಣಿನಡಿ ಹೂತಿದೆ, ಮಳೆನೀರು ಈಗ ಗೋಡೆಯ ಕಡೆ ಹರಿಯುತ್ತಿದೆ, ಮರಗಳ ಬುಡದ ತೊಗಟೆ ಮಣ್ಣಿನೊಳಗೆ ಕೊಳೆಯುತ್ತಿದೆ. ಇಷ್ಟನ್ನೂ ಎರಡನೆಯ ಪತ್ರದಲ್ಲಿ ಫೋಟೋ ಸಮೇತ ಬರೆದರೆ, ಮಣ್ಣು ತೆಗೆಸುವ ಖರ್ಚಿಗೆ ಮಾಲೀಕರು ಯಾಕೆ ಎಂದು ಕೇಳುವುದಿಲ್ಲ.

ಹೂತ ದಾರಿ ಹುಡುಕಲು ಒಳ್ಳೆಯ ಸಮಯ ಮಾರ್ಚ್ ಕೊನೆ, ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಬೀಳದೆ ನಾಲ್ಕಾರು ದಿನ ಒಣ ಹೋದಾಗ. ಕಲ್ಲು ಅಥವಾ ಜಲ್ಲಿಯ ಮೇಲಿರುವ ಹುಲ್ಲು ಸುತ್ತಲಿನದಕ್ಕಿಂತ ಮೊದಲು ಬಾಡಿ ಹಳದಿಯಾಗುತ್ತದೆ. ಬೆಳಗ್ಗೆ ಓರೆ ಬಿಸಿಲಿನಲ್ಲಿ ಜಗಲಿ ಮೇಲೆ ನಿಂತು ನೋಡಿದರೆ ಹಳೆ ಪಾತಿಗಳ ಏರು–ತಗ್ಗು ನೆರಳಾಗಿ ಕಾಣುತ್ತದೆ. ಗುರುತಿಸಿದ ಕಡೆ 2 ಅಡಿ ಚೌಕದ ಗುಂಡಿಯನ್ನು ಕೈಗುದ್ದಲಿಯಿಂದಲೇ ತೆಗೆಸಿ. ಜೆಸಿಬಿ ಒಂದೇ ಸಲ ಬಾಯಿ ಹಾಕಿದರೆ ಆ ಸಾಕ್ಷ್ಯ ಹೋಯಿತು. ದಾರಿಯ ಅಂಚುಗಲ್ಲು ಸಿಕ್ಕ ಆಳವನ್ನು ಅಳೆದು ಬರೆದಿಡಿ.

ಸರ್ವೆಯನ್ನು 1:200 ಅಳತೆಯಲ್ಲಿ, ಅರ್ಧ ಮೀಟರ್‌ಗೆ ಒಂದು ಸಮಮಟ್ಟ ರೇಖೆಯಂತೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಮಾಡಿಸಿ. ಜಗಲಿಯ ನೆಲವನ್ನು 100.00 ಎಂದು ಹಿಡಿದರೆ ಋಣ ಸಂಖ್ಯೆಗಳ ಗೊಂದಲ ಇರುವುದಿಲ್ಲ. ಪ್ರತಿ ಮರಕ್ಕೂ ಅಲ್ಯೂಮಿನಿಯಂ ಬಿಲ್ಲೆಯಲ್ಲಿ ಸಂಖ್ಯೆ ಬೇಕು, ಪತ್ರಗಳಲ್ಲಿ ಆ ಸಂಖ್ಯೆಯಿಂದಲೇ ಮಾತು. ನಕ್ಷೆ ಮೀಟರ್‌ನಲ್ಲಿರಲಿ, ಕೆಲಸದವರಿಗೆ ಕಳಿಸುವ ಚೀಟಿ ಅಡಿ–ಇಂಚಿನಲ್ಲಿರಲಿ. ಎರಡನ್ನೂ ನೀವೇ ಲೆಕ್ಕ ಹಾಕಿ ಕೊಡಿ, ಸ್ಥಳದಲ್ಲಿ ಅವರು ಲೆಕ್ಕ ಹಾಕುವಂತೆ ಬಿಡಬೇಡಿ.

ಮೂರನೆಯದು ಇಡೀ ಕಡತದಲ್ಲಿ ಮುಖ್ಯವಾದ ಪತ್ರ: ಈ ಜಾಗ ಏನಾಗಬಲ್ಲದು, ಏನಾಗಲಾರದು. ಇದಕ್ಕೆ ಒಳ್ಳೆಯ ಮಾದರಿ ಅಮೆರಿಕದ ಉತ್ತರ ಕೆರೊಲಿನಾದ ಬಿಲ್ಟ್‌ಮೋರ್ ಎಸ್ಟೇಟ್. ಅದರ ಮಾಲೀಕ ಜಾರ್ಜ್ ವಾಂಡರ್‌ಬಿಲ್ಟ್ 1888ರಲ್ಲಿ ಉದ್ಯಾನ ವಿನ್ಯಾಸಕಾರ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್‌ರನ್ನು ಕರೆಸಿದಾಗ ವಾಂಡರ್‌ಬಿಲ್ಟ್ ಮನಸ್ಸಿನಲ್ಲಿದ್ದದ್ದು ವಿಶಾಲವಾದ ಪಾರ್ಕ್. ಓಮ್‌ಸ್ಟೆಡ್ ಸುಮ್ಮನೆ ತಲೆಯಾಡಿಸಲಿಲ್ಲ. ನೆಲ ಸವೆದಿದೆ, ಒಳ್ಳೆಯ ಮರಗಳೆಲ್ಲ ಮತ್ತೆ ಮತ್ತೆ ಕಡಿದುಹೋಗಿ ಕುರುಚಲು ಮಾತ್ರ ಉಳಿದಿದೆ, ಇಲ್ಲಿ ದೊಡ್ಡ ಪಾರ್ಕ್ ಆಗದು ಎಂದರು. ಅದರ ಜೊತೆಗೇ ದಾರಿಯನ್ನೂ ತೋರಿಸಿದರು: ಮನೆ ಹತ್ತಿರ ಚಿಕ್ಕ ಪಾರ್ಕ್ ಮತ್ತು ಉದ್ಯಾನ, ನದಿ ಬಯಲಲ್ಲಿ ಕೃಷಿ, ಉಳಿದದ್ದೆಲ್ಲ ಕಾಡು. ಬೇಕಾದಷ್ಟು ಸಸಿ ಹೊರಗೆ ಸಿಗದು ಎಂದು ಎಸ್ಟೇಟಿನೊಳಗೇ ನರ್ಸರಿ ಮಾಡಿಸಿದರು. 1895ರ ಕ್ರಿಸ್‌ಮಸ್ ಹಿಂದಿನ ದಿನ ಮನೆ ತೆರೆದಾಗ ತೋಟವಿನ್ನೂ ಎಳೆಯದು, ಆದರೆ ಅದರ ದಿಕ್ಕು ಆಗಲೇ ನಿಂತಿತ್ತು. ಮನೆಗೆ ಹೋಗುವ ಸುಮಾರು 3 ಮೈಲಿ ದಾರಿ ಕಣಿವೆ, ತೊರೆ, ಪೊದೆಗಳ ನಡುವೆ ತಿರುಗುತ್ತಾ ಸಾಗುತ್ತದೆ. ಕೊನೆಯ ತಿರುವಿನ ತನಕ ಮನೆ ಕಾಣದಂತೆ ಅವರು ಅದನ್ನು ಎಳೆದಿದ್ದರು.

ಆಗದು ಎನ್ನುವ ಮಾತಿಗೆ ಕಾರಣ ಕೊಡಿ, ಅದೇ ಪತ್ರದಲ್ಲಿ ಬದಲಿಯನ್ನೂ ಕೊಡಿ. ಹಳೆ ಚಿತ್ರದಲ್ಲಿ ಗುಲಾಬಿ ಪಾತಿ ಇದೆ ಎಂದು ಮಾಲೀಕರು ಅದನ್ನೇ ಕೇಳುತ್ತಾರೆ. ಗುಲಾಬಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಅಂದು ಮೊಣಕಾಲೆತ್ತರ ಇದ್ದ ಸಿಲ್ವರ್ ಓಕ್ ಇಂದು ಆ ಜಾಗಕ್ಕೆ ಮೂರು ಗಂಟೆಯೂ ಬಿಸಿಲು ಬಿಡುವುದಿಲ್ಲ. ಮರ ತೆಗೆಯುವುದೋ ಪಾತಿಯನ್ನು ಬೇರೆಡೆಗೆ ಸರಿಸುವುದೋ ಎಂದು ಎರಡೂ ದಾರಿಗಳನ್ನು ಖರ್ಚು ಸಮೇತ ಮುಂದಿಡಿ. ಮರ ತೆಗೆಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕೇ ಎಂಬುದನ್ನು ಜಾತಿವಾರು ನೋಡಿ ಬರೆಯಿರಿ. ಹಳೆ ಪಟ್ಟಿಯಲ್ಲಿ ಲಂಟಾನ ಇದ್ದರೆ ಮಾತ್ರ ಎರಡು ದಾರಿ ಇಲ್ಲ. ಅಂದು ಅಂದಕ್ಕೆಂದು ತಂದದ್ದು ಇಂದು ಕಾಡನ್ನೇ ನುಂಗುತ್ತಿದೆ. ಚರಿತ್ರೆಯ ಹೆಸರಿನಲ್ಲಿ ಮತ್ತೆ ನೆಡಬಾರದು.

ಚಿತ್ರವಿಲ್ಲದ ವಿವರಣೆ ಮಾಲೀಕರಿಗೆ ಅರ್ಥವಾಗುವುದಿಲ್ಲ. ಇಂಗ್ಲೆಂಡಿನ ಉದ್ಯಾನ ವಿನ್ಯಾಸಕಾರ ಹಂಫ್ರಿ ರೆಪ್ಟನ್ (1752–1818) ತನ್ನ ಕೆಂಪು ರಟ್ಟಿನ ಪುಸ್ತಕಗಳಲ್ಲಿ ಈಗಿನ ನೋಟದ ಚಿತ್ರವನ್ನು ಮಡಚುವ ಒಂದು ಹಾಳೆಯ ಮೇಲೆ ಬರೆದು, ಅದನ್ನು ಎತ್ತಿದರೆ ಅಡಿಯಲ್ಲಿ ಮುಂದಿನ ನೋಟ ಕಾಣುವಂತೆ ಮಾಡುತ್ತಿದ್ದ. ಇಂದು ಫೋನಿನಲ್ಲಿ ತೆಗೆದ ಫೋಟೋವನ್ನು ಎ4 ಹಾಳೆಯಲ್ಲಿ ಮುದ್ರಿಸಿ, ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ ಪೆನ್ಸಿಲಿನಲ್ಲಿ ಬರೆದರೆ ಸಾಕು. ಕಂಪ್ಯೂಟರಿನ ಹೊಳಪು ಚಿತ್ರಕ್ಕಿಂತ ಇದೇ ಮೇಲು, ಏಕೆಂದರೆ ಹದಿನೈದು ವರ್ಷ ಬೆಳೆದ ಮರವನ್ನು ಮೊದಲ ವರ್ಷವೇ ಸಿಗುವಂತೆ ಇದು ತೋರಿಸುವುದಿಲ್ಲ.

ಇಲ್ಲಿಂದ ಮುಂದೆ ಒಂದು ಪತ್ರಕ್ಕೆ ಒಂದೇ ವಿಷಯ. ಪತ್ರಕ್ಕೆ ಸಂಖ್ಯೆ, ನಕ್ಷೆಯ ಸಂಖ್ಯೆ, ತಿದ್ದುಪಡಿಯ ಸಂಖ್ಯೆ, ಯಾವ ದಿನದೊಳಗೆ ಉತ್ತರ ಬೇಕು, ಬಾರದಿದ್ದರೆ ಏನು ಮಾಡುತ್ತೀರಿ — ಇಷ್ಟೂ ಇರಬೇಕು. ಹೀಗೆ:

‘ಪತ್ರ 7. ವಿಷಯ: ಮರ 14ರ ಬಳಿ ಕಾಲುದಾರಿ. ನಕ್ಷೆ 3, ತಿದ್ದುಪಡಿ 2.

ಮಾನ್ಯರೇ, ಬಂಗಲೆಯ ಪೂರ್ವಕ್ಕಿರುವ ನಾಗಲಿಂಗದ ಮರದ ಸುತ್ತಳತೆ ಎದೆಯೆತ್ತರದಲ್ಲಿ 2.8 ಮೀಟರ್, ಅಂದರೆ ವ್ಯಾಸ 0.89 ಮೀಟರ್. ಬೇರು ಉಳಿಯಲು ವ್ಯಾಸದ 12 ಪಟ್ಟು, ಬುಡದಿಂದ 10.7 ಮೀಟರ್ ಒಳಗೆ ಅಗೆತ ಬೇಡ. ದಾರಿ ಆ ವೃತ್ತದೊಳಗೆ ಹಾಯುವುದರಿಂದ ಅಲ್ಲಿ ನೆಲ ಅಗೆಯದೆ, ಮೇಲೆಯೇ 3 ಇಂಚು ಜಲ್ಲಿ ಹರಡೋಣ. ಬುಡದಿಂದ 1 ಮೀಟರ್ ಒಳಗೆ ಜಲ್ಲಿಯೂ ಬೇಡ. ತಮ್ಮ ಒಪ್ಪಿಗೆ ಬೇಕಿರುವುದು ಒಂದಕ್ಕೆ: ಆ ಭಾಗದಲ್ಲಿ ದಾರಿಯ ಅಗಲವನ್ನು 5 ಅಡಿಯಿಂದ 4 ಅಡಿಗೆ ಇಳಿಸಬಹುದೇ? ಮಾರ್ಚ್ 10ರೊಳಗೆ ತಿಳಿಸಿದರೆ ಮಳೆಗೆ ಮೊದಲೇ ಮುಗಿಯುತ್ತದೆ. ಇಲ್ಲವಾದರೆ ಈ ಭಾಗವನ್ನು ಮುಂದಿನ ಫೆಬ್ರವರಿಗೆ ಬಿಡುತ್ತೇವೆ.’

ಕಟ್ಟೆಯ ಆಸೆಗೂ ಇಂಥದೇ ಉತ್ತರ ಸಿದ್ಧವಿರಲಿ. ಹಳೆ ಮರದ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ ಒಳಗೆ ಮಣ್ಣು ತುಂಬಿದರೆ ಬುಡ ಉಸಿರಾಡುವುದಿಲ್ಲ, ತೊಗಟೆ ಕೊಳೆಯುತ್ತದೆ. ಕೆಲವು ವರ್ಷದ ನಂತರ ಮರ ಒಣಗಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಕೆಲಸದ ಕಾಲಪಟ್ಟಿಯನ್ನು ಕಾಫಿ ನೋಡಿಕೊಂಡು ಮಾಡಿ. ನವೆಂಬರಿನಿಂದ ಫೆಬ್ರವರಿ ತನಕ ಆಳುಗಳೆಲ್ಲ ಹಣ್ಣು ಕೊಯ್ಲಿಗೆ ಹೋಗುತ್ತಾರೆ, ಹೂದೋಟಕ್ಕೆ ಒಬ್ಬರೂ ಸಿಗುವುದಿಲ್ಲ. ಜೂನ್–ಆಗಸ್ಟ್‌ನಲ್ಲಿ ಮಣ್ಣು ಮುಟ್ಟಿದರೆ ಕೊಚ್ಚಿ ಹೋಗುತ್ತದೆ. ಮಣ್ಣು, ಕಲ್ಲು, ಗಾರೆ ಕೆಲಸಕ್ಕೆ ಉಳಿಯುವುದು ಫೆಬ್ರವರಿ ಕೊನೆಯಿಂದ ಮೇ ಮಧ್ಯದ ತನಕದ ಹನ್ನೊಂದು–ಹನ್ನೆರಡು ವಾರ. ನೀರಿನ ಹಾದಿ ಅದರಲ್ಲೂ ಮೊದಲು: ದಾರಿಗೆ ಅಡ್ಡಲಾಗಿ 40ಕ್ಕೆ 1ರಷ್ಟು ವಾಟ (ಇಳಿಜಾರು), ಏರು ದಾರಿಯಾದರೆ ಅಲ್ಲಲ್ಲಿ ಅಡ್ಡಗಲ್ಲಿನ ಚರಂಡಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಳೆ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟ್ ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಕಲ್ಲೇ ಪುಡಿಯಾಗುತ್ತದೆ. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುವುದರಿಂದ ಏಪ್ರಿಲ್ ದಾಟಿಸಬೇಡಿ. ಗೋಣಿಚೀಲ ಹೊದಿಸಿ ಮೊದಲ ವಾರವಿಡೀ ತೇವ ಆರದಂತೆ ನೋಡಿಕೊಳ್ಳಬೇಕು.

ಗೋಡೆ ಮತ್ತು ಗಿಡದ ನಂಟನ್ನೂ ಪತ್ರದಲ್ಲಿ ಮುಂಚೆಯೇ ಹೇಳಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಹೈಡ್ರೇಂಜಿಯಾ ನೀಲಿ ಅರಳುತ್ತದೆ. ಹೊಸದಾಗಿ ಗಾರೆ ಹಾಕಿದ ಗೋಡೆಯ ಬುಡದಲ್ಲಿ ಸುಣ್ಣ ಇಳಿದು ಹುಳಿ ತಗ್ಗಿದರೆ, ಮಣ್ಣಿನ ಅಲ್ಯೂಮಿನಿಯಂ ಗಿಡಕ್ಕೆ ಸಿಗದೆ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಜ್ಜಿಯ ಕಾಲದ ನೀಲಿ ಹೂವೇ ಬೇಕೆಂದವರಿಗೆ ಇದು ಸಣ್ಣ ವಿಷಯವಲ್ಲ. ಗೋಡೆಯಿಂದ 3 ಅಡಿ ದೂರ ನೆಟ್ಟು, ಗಾರೆ ಕೆಲಸದ ಉದುರನ್ನು ಅಲ್ಲಿಂದ ಬಾಚಿ ತೆಗೆಸಿ.

ಗಿಡದ ಪಟ್ಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರು, ಊರಿನ ಹೆಸರು, ಎತ್ತರ, ಅಂತರ, ಸಂಖ್ಯೆ ಎಲ್ಲ ಬೇಕು. ‘ಸಂಪಿಗೆ’ ಎಂದಷ್ಟೇ ಬರೆದರೆ ನರ್ಸರಿಯಿಂದ ಯಾವುದು ಬರುತ್ತದೋ ಹೇಳಲಾಗದು: ಕೆಂಡಸಂಪಿಗೆಯೂ ಸಂಪಿಗೆ, ದೇವಕಣಗಿಲೆಗೆ ಕೆಲವು ಕಡೆ ಹೇಳುವುದೂ ಸಂಪಿಗೆ. 40 ಮೀಟರ್ ಡ್ಯುರಾಂಟ ಬೇಲಿಗೆ 30 ಸೆಂಟಿಮೀಟರ್‌ಗೆ ಒಂದರಂತೆ 134 ಸಸಿ, ಸಾಯುವುದಕ್ಕೆ ನೂರಕ್ಕೆ ಹದಿನೈದು ಸೇರಿಸಿ 155 ತರಿಸಿ. ಉಳಿದವನ್ನು ಒಂದು ಮೂಲೆಯಲ್ಲಿ ಬೆಳೆಸಿ. ಎರಡನೆಯ ವರ್ಷ ಸತ್ತ ಗಿಡದ ಜಾಗಕ್ಕೆ ಅದೇ ವಯಸ್ಸಿನದು ಹಾಕಿದರೆ ಮಾತ್ರ ಬೇಲಿ ಸಮನಾಗಿರುತ್ತದೆ. ಮರಕ್ಕೆ 2 ಅಡಿ, ಪೊದೆಗೆ ಒಂದೂವರೆ ಅಡಿ ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆದಿಟ್ಟು, ಎರಡು ಹದ ಮಳೆಯಾದ ಮೇಲೆ ನೆಡಿಸಿ. ಚೀಲದಲ್ಲಿದ್ದ ಮಣ್ಣಿನ ಮಟ್ಟಕ್ಕಿಂತ ಒಂದು ಇಂಚೂ ಆಳವಾಗಬಾರದು.

ಕೊನೆಯ ಪತ್ರ ಮಾಲೀಕರಿಗಲ್ಲ, ಮೇಸ್ತ್ರಿಗೆ. ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಲ್ಯಾಮಿನೇಟ್ ಮಾಡಿಸಿ ಸಾಮಾನಿನ ಕೋಣೆಯ ಗೋಡೆಗೆ ಹಾಕಿಸಿ: ಯಾವ ತಿಂಗಳಲ್ಲಿ ಯಾವ ಬೇಲಿ ಎಷ್ಟು ಎತ್ತರಕ್ಕೆ ಕತ್ತರಿಸಬೇಕು, ಗೋಡೆಯಲ್ಲಿ ಹುಟ್ಟುವ ಅರಳಿ–ಗೋಣಿ ಸಸಿಗಳನ್ನು ಮಳೆಗಾಲ ಮುಗಿಯುತ್ತಲೇ ಬೇರು ಸಮೇತ ಕೀಳುವುದು, ಯಾವ ಮರದ ಬುಡಕ್ಕೆ ಬೇಸಿಗೆಯಲ್ಲೂ ಪೈಪ್ ಬಿಡಬಾರದು, ಮರಕ್ಕೆ ಕಟ್ಟಿದ ಬಿಲ್ಲೆಯ ತಂತಿಯನ್ನು ವರ್ಷಕ್ಕೊಮ್ಮೆ ಸಡಿಲಿಸುವುದು. ಹಾಳೆಯ ಹಿಂಬದಿಯಲ್ಲಿ ಮರಗಳ ಸಂಖ್ಯೆ ಬರೆದ ಚಿಕ್ಕ ನಕ್ಷೆ ಇರಲಿ. ಫೋಟೋ ತೆಗೆಯುವ ನಾಲ್ಕು ಜಾಗಗಳಿಗೆ ನೆಲದಲ್ಲಿ ಗೂಟ ಹೊಡೆಸಿ, ಅವನ್ನೂ ಅದರಲ್ಲಿ ಗುರುತಿಸಿ. ಪ್ರತಿ ವರ್ಷ ಅಕ್ಟೋಬರಿನಲ್ಲಿ, ಕೊಯ್ಲು ಹಿಡಿಯುವ ಮೊದಲು, ಅದೇ ಗೂಟದ ಬಳಿ ನಿಂತು ತೆಗೆದ ಫೋಟೋ ಕಡತಕ್ಕೆ ಸೇರಬೇಕು.