ನಂಜೇರಿದ ರೋಗಿಗೆ ಆಂಟಿಬಯೋಟಿಕ್: ಮೊದಲ ಡೋಸಿಗೆ ಕಿಡ್ನಿಯ ಲೆಕ್ಕ ಬೇಡ

ಹಾವೇರಿಯಿಂದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೆ ಹೆಚ್ಚೂಕಡಿಮೆ 75 ಕಿ.ಮೀ., ಗದಗದಿಂದ 60. 108 ಎಷ್ಟೇ ಜೋರಾಗಿ ಓಡಿದರೂ ರೋಗಿಯನ್ನು ಹತ್ತಿಸಿ, ಇಳಿಸಿ, ಐಸಿಯು ಹಾಸಿಗೆಗೆ ಮುಟ್ಟಿಸುವಷ್ಟರಲ್ಲಿ ಎರಡು ತಾಸು ಕಳೆದಿರುತ್ತದೆ. ನಂಜೇರಿ, ಅಂದರೆ ಸೋಂಕು ಮೈಯನ್ನೆಲ್ಲ ಬಾಧಿಸಿ (ಸೆಪ್ಸಿಸ್), ಬಿಪಿ ಕುಸಿದವರಿಗೆ ಒಂದು ತಾಸಿನೊಳಗೆ ಆಂಟಿಬಯೋಟಿಕ್ ಬೀಳಬೇಕು ಎಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಅಂದಮೇಲೆ ಮೊದಲ ಡೋಸ್ ದೊಡ್ಡಾಸ್ಪತ್ರೆಯ ಕೆಲಸವಲ್ಲ, ರೆಫರ್ ಚೀಟಿ ಬರೆಯುವವರ ಕೆಲಸ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ವೈದ್ಯರು, ಸ್ಟಾಫ್ ನರ್ಸ್‌ಗಳು ಗಮನಿಸಬೇಕಾದ ಕ್ರಮ ಇಲ್ಲಿದೆ.

ಸೂಜಿ ಚುಚ್ಚುವ ಮುನ್ನ

ಪೆನಿಸಿಲಿನ್ ಅಲರ್ಜಿ ಇದೆಯೇ ಕೇಳಿ. ರೋಗಾಣು ಯಾವುದೆಂದು ಪತ್ತೆಹಚ್ಚಲು ಎರಡು ಬೇರೆ ಬೇರೆ ಕಡೆಯಿಂದ ಕಲ್ಚರ್‌ಗೆ ರಕ್ತ ತೆಗೆಯಿರಿ, ಬಾಟಲಿಗೆ 8ರಿಂದ 10 ಎಂಎಲ್. ಬಾಟಲಿ ಇಲ್ಲವೆಂದೋ ಲ್ಯಾಬ್ ಮುಚ್ಚಿದೆಯೆಂದೋ ಔಷಧಿ ತಡೆಹಿಡಿಯಬೇಡಿ. ತೂಕವನ್ನು ಮನೆಯವರ ಬಳಿ ಕೇಳಿ. ‘ಒಂದ್ 60 ಇರಬೇಕ್ರೀ’ ಎಂಬ ಉತ್ತರ ಸಾಕು, ಅಂದಾಜು ತೂಕವಾದರೂ ಕೇಸ್ ಶೀಟಿನಲ್ಲಿರಲಿ.

ಮೊದಲ ಡೋಸ್ ಪೂರ್ತಿ

ಹೆಚ್ಚು ತಪ್ಪುವುದು ಇಲ್ಲಿಯೇ. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 3 ಎಂದು ಕಂಡ ಕೂಡಲೇ ಕೈ ತಾನಾಗಿ ಅರ್ಧ ಡೋಸ್ ಬರೆಯುತ್ತದೆ. ಆದರೆ ಮೊದಲ ಡೋಸ್ ಎಷ್ಟಿರಬೇಕೆಂದು ನಿರ್ಧರಿಸುವುದು ಔಷಧಿ ಹರಡಿಕೊಳ್ಳುವ ನೀರಿನ ಪ್ರಮಾಣ. ಕಿಡ್ನಿ ಅದನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬುದು ಆಮೇಲಿನ ಮಾತು. ನಂಜಿನಲ್ಲಿ ರಕ್ತನಾಳಗಳು ಸೋರುತ್ತವೆ. ಮೇಲಿಂದ ನಾವು ಕೆ.ಜಿ.ಗೆ 30 ಎಂಎಲ್‌ನಂತೆ, 60 ಕೆ.ಜಿ. ರೋಗಿಗೆ 1.8 ಲೀಟರ್ ಸಲೈನ್ ಹರಿಸಿರುತ್ತೇವೆ. ಎರಡು ಚೊಂಬು ಸಾರಿನ ಉಪ್ಪನ್ನು ಮೂರು ಚೊಂಬಿಗೆ ಹಾಕಿದರೆ ಸಾರು ಸಪ್ಪೆಯಾಗುತ್ತದಲ್ಲ, ನಂಜಿಗೆ ಕೊಡುವ ಆಂಟಿಬಯೋಟಿಕ್‌ಗಳಾದ ಮೆರೊಪೆನೆಮ್, ಪಿಪೆರಾಸಿಲಿನ್, ವ್ಯಾಂಕೊಮೈಸಿನ್, ಅಮಿಕಾಸಿನ್‌ಗಳ ಕಥೆಯೂ ಅದೇ.

ಆದ್ದರಿಂದ ಕಿಡ್ನಿ ಹೇಗೇ ಇರಲಿ, ಮೆರೊಪೆನೆಮ್ ಕೊಡುವುದಾದರೆ 1 ಗ್ರಾಂ, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಆದರೆ 4.5 ಗ್ರಾಂ. ವ್ಯಾಂಕೊಮೈಸಿನ್ ಬೇಕಿದ್ದರೆ ಕೆ.ಜಿ.ಗೆ 25ರಿಂದ 30 ಮಿ.ಗ್ರಾಂ., ಅಂದರೆ 60 ಕೆ.ಜಿ.ಗೆ 1.5 ಗ್ರಾಂ ಅಥವಾ ತುಸು ಹೆಚ್ಚು. ಕೊಲಿಸ್ಟಿನ್‌ಗೂ ಇದೇ ನಿಯಮ, ಮೊದಲಿಗೆ 90 ಲಕ್ಷ ಯೂನಿಟ್.

ರಕ್ತನಾಳಕ್ಕೆ ಹಾಕಿದ ಲೈನ್ ಒಂದೇ ಇದ್ದಾಗ ಯಾವುದು ಮೊದಲು? ಮೆರೊಪೆನೆಮ್. 20 ಎಂಎಲ್‌ನಲ್ಲಿ ಕಲಸಿ 3ರಿಂದ 5 ನಿಮಿಷದಲ್ಲಿ ನಿಧಾನವಾಗಿ ಕೊಟ್ಟು ಮುಗಿಸಬಹುದು. ವ್ಯಾಂಕೊಮೈಸಿನ್ ತಾಸಿಗೆ 1 ಗ್ರಾಂ ಮೀರಿ ಓಡಿದರೆ ಮೈ ಕೆಂಪೇರಿ, ತುರಿಕೆ ಎದ್ದು, ಬಿಪಿ ಇನ್ನೂ ಇಳಿಯುತ್ತದೆ. ಅದನ್ನೇ ಮೊದಲು ಹಚ್ಚಿದರೆ ಲೈನ್ ಒಂದೂವರೆ ತಾಸು ಅದಕ್ಕೇ ಮೀಸಲು, ಮುಖ್ಯ ಔಷಧಿ ಟ್ರೇಯಲ್ಲೇ ಕೂತಿರುತ್ತದೆ.

ಸೆಫ್ಟ್ರಿಯಾಕ್ಸೋನ್ ಇದ್ದ ಲೈನಿನಲ್ಲಿ ರಿಂಗರ್ ಲ್ಯಾಕ್ಟೇಟ್ ಬೇಡ, ಅದರ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಅಮಿಕಾಸಿನ್ ಅನ್ನು ಪಿಪೆರಾಸಿಲಿನ್ ಬಾಟಲಿಗೆ ಸೇರಿಸಲೂಬಾರದು.

ರೆಫರ್ ಚೀಟಿಯಲ್ಲಿ ಔಷಧಿ, ಪ್ರಮಾಣ, ಕೊಟ್ಟ ಗಂಟೆ, ಮುಂದಿನ ಡೋಸಿನ ಗಂಟೆ ನಾಲ್ಕೂ ಇರಲಿ. ‘ಇಂಜೆಕ್ಷನ್ ಕೊಡಲಾಗಿದೆ’ ಎಂದಷ್ಟೇ ಬರೆದರೆ, ಸಂಜೆ 4ಕ್ಕೆ ಕೊಟ್ಟ ಪಿಪೆರಾಸಿಲಿನ್‌ನ ರಾತ್ರಿ 10ರ ಡೋಸ್ ಮರುದಿನ ಬೆಳಗಿನ ರೌಂಡ್ಸ್‌ವರೆಗೂ ಯಾರ ನೆನಪಿಗೂ ಬರುವುದಿಲ್ಲ.

ಎರಡನೇ ಡೋಸಿನಿಂದ ನಿಧಾನ

ಈ ಗುಂಪಿನ ಔಷಧಿಗಳು, ಅಂದರೆ ಪೆನಿಸಿಲಿನ್, ಸೆಫಲೋಸ್ಪೊರಿನ್, ಮೆರೊಪೆನೆಮ್, ಕೆಲಸ ಮಾಡುವುದು ರಕ್ತದಲ್ಲಿ ಎಷ್ಟು ಹೊತ್ತು ಸಾಕಷ್ಟು ಮಟ್ಟದಲ್ಲಿರುತ್ತವೆ ಎಂಬುದರ ಮೇಲೆ. ಹಾಗಾಗಿ ಮೆರೊಪೆನೆಮ್ 1 ಗ್ರಾಂ ಅನ್ನು ಪ್ರತಿ 8 ತಾಸಿಗೆ, ಪ್ರತಿ ಸಲ 3 ತಾಸು ಹರಿಸಿ. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಆದರೆ 6 ತಾಸಿಗೊಮ್ಮೆ, 3ರಿಂದ 4 ತಾಸು. ಅಮಿಕಾಸಿನ್ ಇದಕ್ಕೆ ತದ್ವಿರುದ್ಧ: ಅದಕ್ಕೆ ಬೇಕಿರುವುದು ಒಂದೇ ಎತ್ತರದ ಏರಿಕೆ. ದಿನಕ್ಕೊಮ್ಮೆ, ಒಟ್ಟಿಗೇ.

ಡ್ರಿಪ್ ಸೆಟ್ಟನ್ನು ಒಮ್ಮೆ ಗಮನಿಸಿ ನೋಡಿ. 100 ಎಂಎಲ್ ಬಾಟಲಿ ಖಾಲಿಯಾಗಿ ಪಂಪ್ ಕೂಗಿದಾಗ ಕೊಳವೆಯೊಳಗೆ 15ರಿಂದ 20 ಎಂಎಲ್ ನಿಂತಿರುತ್ತದೆ. ಸೆಟ್ ಬಿಚ್ಚಿ ಬಕೆಟ್ಟಿಗೆ ಹಾಕಿದರೆ ಡೋಸಿನ ಆರನೇ ಒಂದು ಪಾಲು ಕಸಕ್ಕೆ ಹೋಯಿತು. ದಿನಕ್ಕೆ ಮೂರು ಸಲ ಹೀಗಾದರೆ ಅರ್ಧ ಗ್ರಾಂ ಮೆರೊಪೆನೆಮ್ ನಷ್ಟ, ಚಾರ್ಟಿನಲ್ಲಿ ಮಾತ್ರ ಮೂರೂ ಟಿಕ್. ಅದೇ ಸೆಟ್ಟಿಗೆ ಸಲೈನ್ ಹಚ್ಚಿ 20-25 ಎಂಎಲ್ ಅದೇ ವೇಗದಲ್ಲಿ ಹರಿಸಿ. 50 ಎಂಎಲ್ ಸಿರಿಂಜ್ ಪಂಪ್ ಮತ್ತು ಸಣ್ಣ ಲೈನ್ ಇದ್ದರೆ ಈ ತೊಂದರೆ ಅಷ್ಟಾಗಿ ಇಲ್ಲ.

ಬೆಳಗ್ಗೆಯೇ ಮೂರೂ ಡೋಸ್ ಕಲಸಿಡುವ ರೂಢಿ ಬಿಡಿ. ಕಲಸಿದ ಮೆರೊಪೆನೆಮ್ ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ, ಗ್ಲುಕೋಸ್‌ನಲ್ಲಂತೂ ಇನ್ನೂ ಬೇಗ. ಏಪ್ರಿಲ್-ಮೇ ತಿಂಗಳ ಗದಗಿನ ಸೆಕೆಯಲ್ಲಿ, ಎಸಿ ಇಲ್ಲದ ವಾರ್ಡಿನಲ್ಲಿ, ಪ್ರತಿ ಡೋಸನ್ನೂ ಆಗಿಂದಾಗ ಸಲೈನ್‌ನಲ್ಲೇ ಕಲಸಬೇಕು.

ಈಗ ಕಿಡ್ನಿಯ ಲೆಕ್ಕ

140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ. ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. ಹೆಂಗಸರಿಗೆ ಅದರ 0.85 ಪಟ್ಟು. 65 ವರ್ಷ, 54 ಕೆ.ಜಿ., ಕ್ರಿಯಾಟಿನಿನ್ 2.5 ಇರುವ ಗಂಡಸಿಗೆ ನಿಮಿಷಕ್ಕೆ 22.5 ಎಂಎಲ್ ಬರುತ್ತದೆ, ಇದು ಕಿಡ್ನಿ ಎಷ್ಟು ಸೋಸುತ್ತಿದೆ ಎಂಬುದರ ಅಂದಾಜು. ಪುಸ್ತಕದ ಪ್ರಕಾರ ಮೆರೊಪೆನೆಮ್ ಅರ್ಧ ಡೋಸ್, 12 ತಾಸಿಗೊಮ್ಮೆ.

ಆದರೆ ಈ ಸೂತ್ರ ಕ್ರಿಯಾಟಿನಿನ್ ಒಂದೆಡೆ ನಿಂತಿದ್ದಾಗ ಮಾತ್ರ ಸರಿ. ನಂಜಿನ ಮೊದಲ ಎರಡು ದಿನ ಅದು ನಿಲ್ಲುವುದೇ ಇಲ್ಲ, ಸಲೈನ್ ಬಿದ್ದು ಬಿಪಿ ಏರಿದ ಮೇಲೆ ಎಷ್ಟೋ ಜನರ ಮೂತ್ರ ಮರಳಿ ಬರುತ್ತದೆ. ಮೊದಲ 48 ತಾಸು ಮೆರೊಪೆನೆಮ್, ಪಿಪೆರಾಸಿಲಿನ್ ಇಳಿಸಲು ಅವಸರ ಬೇಡ ಎಂಬುದು ನಮ್ಮ ಪಕ್ಷ. ತಾಸುತಾಸಿನ ಮೂತ್ರದ ಚಾರ್ಟ್ ನೋಡಿ ತೀರ್ಮಾನಿಸಿ. ಫಿಟ್ಸ್ ಬಂದರೆ, ಮಂಪರು ಹೆಚ್ಚಿದರೆ ಡೋಸ್ ಜಾಸ್ತಿಯಾಗಿರಬಹುದು. ವ್ಯಾಂಕೊಮೈಸಿನ್, ಅಮಿಕಾಸಿನ್‌ಗೆ ಈ ಸಡಿಲಿಕೆ ಇಲ್ಲ: ಅವು ಕಿಡ್ನಿಯನ್ನೇ ಕೆಡಿಸುತ್ತವೆ, ಎರಡನೇ ಡೋಸನ್ನು ರಕ್ತದಲ್ಲಿ ಔಷಧಿಯ ಮಟ್ಟ ನೋಡಿಯೇ ಕೊಡಬೇಕು.

ಇನ್ನೊಂದು ತುದಿಯೂ ಇದೆ. ಅಪಘಾತವಾಗಿ ಬಂದ 25ರ ಹುಡುಗ, ಕ್ರಿಯಾಟಿನಿನ್ 0.5, ಮೂತ್ರ ಧಾರಾಳ. ರಿಪೋರ್ಟ್ ‘ನಾರ್ಮಲ್’ ಎನ್ನುತ್ತದೆ, ಅವನ ಕಿಡ್ನಿಯೋ ಔಷಧಿಯನ್ನು ತೊಳೆದು ಹೊರಗೆ ಹಾಕುತ್ತಿರುತ್ತದೆ. ಮೂರನೇ ದಿನವೂ ಜ್ವರ ಇಳಿಯದಿದ್ದರೆ ಔಷಧಿ ಬದಲಿಸುವ ಮುನ್ನ ಡೋಸ್ ಸಾಲುತ್ತಿದೆಯೇ, ಎಲ್ಲಾದರೂ ಕೀವು ನಿಂತಿದೆಯೇ ನೋಡಿ. ಕೀವು ತೆಗೆಯದೆ ಯಾವ ಡೋಸೂ ನಾಟುವುದಿಲ್ಲ.

ಡಯಾಲಿಸಿಸ್ ಇರುವ ದಿನ ಆ ಹೊತ್ತಿನ ಡೋಸನ್ನು ಡಯಾಲಿಸಿಸ್ ಮುಗಿದ ಮೇಲೆ ಕೊಡಿ.