ಕಲಬುರಗಿಯಿಂದ ಶುಗರ್ (ಮಧುಮೇಹ) ಸಂಶೋಧನೆಗೆ ಹೊರಡುವವರಿಗೆ

ನಾನು ಇಲ್ಲಿ ಪದವಿ ಮಕ್ಕಳಿಗೆ ಜೀವರಸಾಯನಶಾಸ್ತ್ರ ಕಲಿಸುತ್ತೇನೆ. ಬಿ.ಎಸ್ಸಿ. ಕೊನೆಯ ವರ್ಷದವರು ಬಂದು, ‘ಮೇಡಂ, ಶುಗರ್ ಮ್ಯಾಲ ರಿಸರ್ಚ್ ಮಾಡಬೇಕಂತ ಅದ, ಎಲ್ಲಿಂದ ಸುರು ಮಾಡ್ಲಿ?’ ಅಂತ ಕೇಳ್ತಾರೆ. ಮೊದಲು ಒಂದು ಪ್ರಶ್ನೆ ಹಿಡಿಯಿರಿ, ಆಮೇಲೆ ಅದನ್ನು ಸರಿಯಾಗಿ ಅಳೆಯೋದು ಕಲೀರಿ ಅಂತೀನಿ.

ಪ್ರಶ್ನೆಗೆ ದೂರ ಹೋಗಬೇಕಾಗಿಲ್ಲ. ಶುಗರ್ ಇದ್ದವರಿಗೆ ‘ಅನ್ನ ಬಿಡ್ರಿ, ರೊಟ್ಟಿ ಎಷ್ಟಾದ್ರೂ ತಿನ್ರಿ’ ಅನ್ನುವ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಮುಖ್ಯವಾಗಿ ಪಿಷ್ಟ, ಜೀರ್ಣವಾದರೆ ಗ್ಲೂಕೋಸ್ ಆಗುವಂಥದ್ದು) ಇರುತ್ತದೆ. ಹಾಗಾದರೆ ಕೇಳಿ: ರಕ್ತದ ಸಕ್ಕರೆಯನ್ನು ಕಡಿಮೆ ಏರಿಸುವುದು ಬಿಸಿ ರೊಟ್ಟಿಯೋ ಕಡಕ್ ರೊಟ್ಟಿಯೋ? ಬರೀ ರೊಟ್ಟಿಯೋ, ತೊಗರಿ ಬೇಳೆ ಜತೆಗೋ? ಬೆಂದ ಪಿಷ್ಟ ಆರಿದಾಗ ಅದರ ಒಂದಿಷ್ಟು ಭಾಗ ಮತ್ತೆ ಬಿಗಿಗೊಂಡು ಸುಲಭವಾಗಿ ಜೀರ್ಣವಾಗುವುದಿಲ್ಲ. ತೆಳ್ಳಗೆ ತಟ್ಟಿ ಒಣಗಿಸಿದ ಕಡಕ್ ರೊಟ್ಟಿಯಲ್ಲಿ ಅದು ಎಷ್ಟಾಗುತ್ತದೆ? ಇದು ಅಳೆಯಬಹುದಾದ ಪ್ರಶ್ನೆ.

ಅಳೆಯುವ ಕ್ರಮ ಹೀಗಿದೆ. ಕನಿಷ್ಠ 10 ಜನ ಆರೋಗ್ಯವಂತ ಸ್ವಯಂಸೇವಕರು ಬೇಕು. ರಾತ್ರಿಯೆಲ್ಲ ಉಪವಾಸವಿದ್ದು ಬೆಳಗ್ಗೆ ಬರಬೇಕು. 50 ಗ್ರಾಂ ಜೀರ್ಣವಾಗುವ ಕಾರ್ಬೋಹೈಡ್ರೇಟ್ ಸಿಗುವಷ್ಟು ರೊಟ್ಟಿ ಒಂದು ದಿನ, 50 ಗ್ರಾಂ ಗ್ಲೂಕೋಸ್ ಬೇರೆ ದಿನ. ತಿನ್ನುವ ಮೊದಲು ಒಮ್ಮೆ, ಆಮೇಲೆ 15, 30, 45, 60, 90, 120ನೇ ನಿಮಿಷಕ್ಕೆ ಬೆರಳ ತುದಿಯ ರಕ್ತ ನೋಡಬೇಕು. ಗ್ರಾಫ್ ಎಳೆದು, ಉಪವಾಸದ ಮಟ್ಟದ ಮೇಲಿನ ವಿಸ್ತೀರ್ಣವನ್ನು ಗ್ಲೂಕೋಸಿನದರ ಜತೆ (ಅದನ್ನು 100 ಅಂತ ಹಿಡಿದು) ಹೋಲಿಸಿದರೆ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ಆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅನ್ನುವ ಅಳತೆ, ಸಿಗುತ್ತದೆ. 55ರ ಒಳಗಿದ್ದರೆ ಕಡಿಮೆ, 70 ದಾಟಿದರೆ ಹೆಚ್ಚು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಹೊಳೆಯುವುದಿಲ್ಲ.

ಇನ್ನು ರಕ್ತದ ಮಾದರಿ. ಇಲ್ಲಿ ನಾನು ಬಹಳ ಹಟ ಹಿಡಿಯುತ್ತೇನೆ. ಟ್ಯೂಬಿಗೆ ಬಿದ್ದ ರಕ್ತದಲ್ಲಿ ಕೆಂಪು ಕಣಗಳು ಇನ್ನೂ ಬದುಕಿರುತ್ತವೆ, ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಸಾಧಾರಣ ಕೋಣೆಯ ಉಷ್ಣತೆಯಲ್ಲೇ ಗಂಟೆಗೆ 5ರಿಂದ 7 ಪ್ರತಿಶತ ಇಳಿಯುತ್ತದೆ. ಅಫಜಲಪುರದ ಕಡೆಯ ಹಳ್ಳಿಯಲ್ಲಿ ಮೇ ತಿಂಗಳ ಬಿಸಿಲಿಗೆ ಇನ್ನೂ ಬೇಗ. ಉಪವಾಸದ ಸಕ್ಕರೆ 126 (ಡೆಸಿಲೀಟರಿಗೆ ಮಿಲಿಗ್ರಾಂ; ಮಧುಮೇಹದ ಗಡಿ ಇದೇ) ಇದ್ದವರ ರಕ್ತ ಎರಡು ತಾಸು ಜೀಪಿನಲ್ಲಿ ಕುಳಿತರೆ ಪ್ರಯೋಗಾಲಯದಲ್ಲಿ 111ರ ಆಸುಪಾಸು ಬರಬಹುದು. ಮಧುಮೇಹ ಇರುವ ಹೆಣ್ಣುಮಗಳೊಬ್ಬಳು ನಿಮ್ಮ ಪಟ್ಟಿಯಲ್ಲಿ ‘ಇನ್ನೂ ಬಂದಿಲ್ಲ’ ಅಂತಾಗುತ್ತಾಳೆ. ಕಣಗಳು ಗ್ಲೂಕೋಸ್ ತಿನ್ನುವುದನ್ನು ತಡೆಯುವ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸಿದರೂ ಆ ತಡೆ ಪೂರ್ತಿ ಹಿಡಿತಕ್ಕೆ ಬರಲು ಒಂದರಿಂದ ನಾಲ್ಕು ತಾಸು ಹಿಡಿಯುತ್ತದೆ. ಹಾಗಾಗಿ ಐಸ್ ಡಬ್ಬಿ ಕೂಡ ಬೇಕೇ ಬೇಕು, ಪ್ಲಾಸ್ಮಾ (ಕಣಗಳನ್ನು ಬಿಟ್ಟ ರಕ್ತದ ದ್ರವ) ಬೇಗ ಬೇರ್ಪಡಿಸಲೂ ಬೇಕು. ಪ್ರತಿ ಟ್ಯೂಬಿನ ಮೇಲೆ ರಕ್ತ ತೆಗೆದ ಹೊತ್ತು ಬರೆಯಿರಿ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನೋಡಿದರೆ ಸಾಲದೇ ಅಂತ ಕೇಳಬಹುದು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಆ ಸಂಖ್ಯೆ ಏರಿ ಕಾಣಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು, ಆದ್ದರಿಂದ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ನಂಬಬೇಡಿ.

ಓದಿನ ದಾರಿ: ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಎಂ.ಎಸ್ಸಿ., ಆಮೇಲೆ ಸಿಎಸ್‌ಐಆರ್ ನೆಟ್ ಅಥವಾ ಐಸಿಎಂಆರ್ ಜೆಆರ್‌ಎಫ್ (ಪಿಎಚ್.ಡಿ. ಸಂಶೋಧನೆಗೆ ಶಿಷ್ಯವೇತನ ಕೊಡಿಸುವ ರಾಷ್ಟ್ರಮಟ್ಟದ ಪರೀಕ್ಷೆಗಳು). ಜೆಆರ್‌ಎಫ್‌ಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಇದನ್ನು ಅವ್ವ-ಅಪ್ಪನಿಗೆ ಮೊದಲೇ ಹೇಳಿಬಿಡಿ, ‘ಇನ್ನೂ ಎಷ್ಟು ವರ್ಷ ಓದಸ್ಬೇಕು’ ಅನ್ನುವ ಚಿಂತೆ ಅರ್ಧ ಇಳಿಯುತ್ತದೆ.

ಬೆಂಗಳೂರೊಂದೇ ನೋಡುತ್ತ ಕೂಡಬೇಡಿ. ನಮಗೆ ಹೈದರಾಬಾದ್ ಹತ್ತಿರ. ಅಲ್ಲಿ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ಪಕ್ಕದ ಹಬ್ಸಿಗುಡದಲ್ಲಿ ಸಿಸಿಎಂಬಿ (ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ). ಇತ್ತ ಸೊಲ್ಲಾಪುರ ದಾಟಿದರೆ ಪುಣೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಮಧುಮೇಹ ಸಂಶೋಧಕ ಚಿತ್ತರಂಜನ ಯಾಜ್ಞಿಕ್ ಅವರ ಕೆಲಸವನ್ನು ಓದದೆ ಈ ದಾರಿಗೆ ಇಳಿಯಬೇಡಿ. 1993ರಿಂದ ಪುಣೆ ಸುತ್ತಲಿನ ಹಳ್ಳಿಗಳ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅವರ ತಂಡ ಅಳೆಯುತ್ತ ಬಂದಿತು. ಹುಟ್ಟಿದ ಕೂಸು ಸಣ್ಣದಿದ್ದರೂ ಮೈಯಲ್ಲಿ ಕೊಬ್ಬು ಅಷ್ಟು ಕಡಿಮೆ ಇರುವುದಿಲ್ಲ ಅಂತ ಆ ಅಳತೆಗಳಿಂದಲೇ ಗೊತ್ತಾದದ್ದು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮನ್ನೇ ಉದಾಹರಣೆಯಾಗಿ ಇಟ್ಟರು: ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3, ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು 9.1 ಪ್ರತಿಶತ, ಯಾಜ್ಞಿಕರಲ್ಲಿ 21.2. ‘ಸೊರಗ್ಯಾನ, ಅವಂಗ್ಯಾಕ ಶುಗರ್ ಬರ್ತದ’ ಅನ್ನುವ ನಮ್ಮೂರ ಮಾತಿಗೆ ಉತ್ತರ ಅಲ್ಲಿದೆ.

ಮೊದಲ ಹನಿ ರಕ್ತ ತೆಗೆಯುವ ಮುಂಚೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ, ಆಳಂದದ ಗಡಿ ಹಳ್ಳಿಗಳಿಗೆ ಮರಾಠಿಯಲ್ಲೂ. ಓದಲು ಬಾರದವರಿಗೆ ಕೂತು ಓದಿ ಹೇಳಿ. ‘ಬ್ಯಾಡ ಯವ್ವಾ’ ಅಂದರೆ ನಮಸ್ಕಾರ ಮಾಡಿ ಮುಂದಿನ ಮನೆಗೆ ನಡೆಯಿರಿ, ಒತ್ತಾಯ ಬೇಡ.

ಫಲಿತಾಂಶವನ್ನು ಅದೇ ವಾರ ಅವರ ಕೈಗೆ ಕೊಡಿ. 126 ಮುಟ್ಟಿದವರಿಗೆ, ದಾಟಿದವರಿಗೆ ಒಂದೇ ಪರೀಕ್ಷೆಯ ಮೇಲೆ ‘ನಿಮಗ ಶುಗರ್ ಅದ’ ಅಂತ ಹೇಳುವುದು ನಿಮ್ಮ ಕೆಲಸವಲ್ಲ. ಇನ್ನೊಮ್ಮೆ ಪರೀಕ್ಷೆ ಆಗಬೇಕು ಅಂತ ತಿಳಿಸಿ, ಚೀಟಿ ಬರೆದು, ಆಶಾ ಕಾರ್ಯಕರ್ತೆಯ ಜತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಹೋದರೋ ಇಲ್ಲವೋ ಅಂತ ಮುಂದಿನ ಭೇಟಿಯಲ್ಲಿ ಕೇಳಿ, ಅದನ್ನೂ ನಿಮ್ಮ ದಾಖಲೆ ಪುಸ್ತಕದಲ್ಲಿ ಬರೆಯಿರಿ.